ಅಪ್‌ಡೇಟ್: ಹೈಬ್ರಿಡ್ ಸೈಕಲ್ ಮಾರಿದೆ, ರೇಸಿಗೆ ಇಳಿದೆ

ಕಾಲೇಜು ಓದ್ತಾ ಸೈಕಲ್ ರೇಸಿಂಗ್ ಶುರು ಮಾಡೋದು ಹೇಗೆ, ಸಾಲ ಮಾಡಿ ಕಾರ್ಬನ್ ಸೈಕಲ್ ತಗೋಬೇಕಾ ಅಂತ ಕೇಳಿದ್ದೆ. "ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಸಾಕು" ಅಂದವರಿಗೆಲ್ಲ ದೊಡ್ಡ ಥ್ಯಾಂಕ್ಸ್.

ನನ್ನ ಹೈಬ್ರಿಡ್ (ರೋಡ್ ಬೈಕ್, ಮೌಂಟನ್ ಬೈಕ್ ಎರಡರ ಮಿಶ್ರಣ) ಮಾರಿದ ದುಡ್ಡಿಗೆ ಶಿಮಾನೊ ಕ್ಲಾರಿಸ್ ಅನ್ನೋ ಆರಂಭಿಕ ಮಟ್ಟದ ಗೇರಿನ ಹಳೇ ರೋಡ್ ಬೈಕ್ ಸಿಕ್ತು. ಉಳಿದ ದುಡ್ಡಲ್ಲಿ ಹೆಲ್ಮೆಟ್, ಹೊಸ ಟೈರು. ಪ್ಯಾಡ್ ಇರೋ ಶಾರ್ಟ್ಸ್‌ಗೆ ಮಾತ್ರ ಅಪ್ಪನ ಹತ್ರ ಕೈ ಚಾಚಿದೆ. "ಚಡ್ಡಿಗೆ ಇಷ್ಟಾ?" ಅಂದ್ರು.

ಮೊದಲು ಟೈಮ್ ಟ್ರಯಲ್. ಒಬ್ಬೊಬ್ಬರನ್ನೇ ಬಿಡ್ತಾರೆ, ಇನ್ನೊಬ್ಬರ ಹಿಂದೆ ಅಂಟಿಕೊಳ್ಳೋ ಹಾಗಿಲ್ಲ, ಡಿಕ್ಕಿಯ ಭಯ ಕಡಿಮೆ. ಹೊಸಬರಿಗೆ ಇದೇ ಸರಿ. ಎಲ್ಲರನ್ನೂ ಒಟ್ಟಿಗೆ ಬಿಡೋ ಮಾಸ್ ಸ್ಟಾರ್ಟ್ ರೇಸ್ ಬೇರೆಯೇ ಲೋಕ ಬಿಡಿ. ಮುಂದಿನವನ ಹಿಂಚಕ್ರಕ್ಕೆ ಒಂದೆರಡು ಅಡಿ ಹತ್ತಿರ ಹೋದ್ರೆ ಎದುರುಗಾಳಿ ಅರ್ಧ ಸತ್ತ ಹಾಗೆ. ಗಂಟೆಗೆ 40 ಕಿ.ಮೀ. ಸ್ಪೀಡೂ ಹಗುರ. ಒಂದು ತಿರುವು ದಾಟಿ ಎಲ್ಲರೂ ಸೀಟಿಂದ ಎದ್ದು ತುಳಿದ್ರು, ಎರಡು ಸೈಕಲ್‌ನಷ್ಟು ಗ್ಯಾಪ್ ಬಿತ್ತು. ಅಷ್ಟೇ, ಮತ್ತೆ ಸೇರೋಕೆ ಆಗ್ಲೇ ಇಲ್ಲ. ಮುಂದಿದ್ದವರು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು. ಅವರ ಕಾಲು ನೋಡಿದ್ಮೇಲೆ ನಂಗೇನೂ ಬೇಜಾರಿಲ್ಲ!

ಈಗ ಭಾನುವಾರ ನಂದಿ ಬೆಟ್ಟ, ವಾರದ ಮಧ್ಯೆ ಇಂಟರ್ವಲ್ಸ್ (ಸ್ವಲ್ಪ ಹೊತ್ತು ಜೋರಾಗಿ ತುಳಿದು, ಸುಧಾರಿಸಿಕೊಂಡು, ಮತ್ತೆ ಜೋರಾಗಿ ತುಳಿಯೋದು). ಅಟೆಂಡೆನ್ಸ್ ಸದ್ಯಕ್ಕೆ 75ರ ಮೇಲಿದೆ. ಯೂನಿವರ್ಸಿಟಿ ಟೀಮಿನ ಆಯ್ಕೆ ಟ್ರಯಲ್ಸ್‌ಗೆ ಹೆಸರು ಕೊಡೋಕೆ ನಾಳೆ ಪಿಇ ಸರ್ ಹತ್ರ ಹೋಗ್ತಿದ್ದೀನಿ.