ದಾಸವಾಳಕ್ಕೆ ಅಂಟು, ಗುಲಾಬಿಗೆ ಕಂಚಿನ ಬಣ್ಣ: ಯಾವ ಕೀಟ, ಏನು ಉಪಾಯ?

ದಾಸವಾಳದ ಎಲೆಯೆಲ್ಲ ಅಂಟಂಟು, ಮೇಲೆ ಕಪ್ಪು ಬೂಷ್ಟು, ಕುಡಿಗಳು ಮುರುಟಿವೆ, ತುಂಬ ಇರುವೆ. ಪಕ್ಕದ ಗುಲಾಬಿ ಎಲೆಯಲ್ಲಿ ಮೊದಲು ಬಿಳಿ ಚುಕ್ಕಿ ಬಂತು, ಈಗ ಕಂಚಿನ ಬಣ್ಣ. ಎರಡಕ್ಕೂ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಎರಡು ಸಲ ಹೊಡೆದ ಮೇಲೆ ಗುಲಾಬಿ ಇನ್ನೂ ಕೆಟ್ಟಿದೆ. ಹೊಂಗೆಯ ಎಲೆ ತುಂಬ ಗಂಟು. ಬಲ್ಲವರು ತಿಳಿಸಿ.

ಉತ್ತರ 1
ಗುಲಾಬಿಗೆ ಹತ್ತಿರುವುದು ಬಹುಶಃ ಜೇಡ ನುಸಿ. ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ನಾಲ್ಕೈದು ಸಲ ತಟ್ಟಿ. ಬಿದ್ದ ಚುಕ್ಕಿಗಳು ಹರಿದಾಡಿದರೆ 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಬೆಳೆದ ನುಸಿಗೆ ಎಂಟು ಕಾಲು. ಅದು ಕೀಟವೇ ಅಲ್ಲ, ಜೇಡದ ಬಳಗ. ಇಮಿಡಾಕ್ಲೋಪ್ರಿಡ್‌ಗೆ ಅದು ಸಾಯುವುದಿಲ್ಲ, ಅದನ್ನು ತಿನ್ನುವ ಜೀವಿಗಳಿಗೆ ಪೆಟ್ಟು ಬೀಳುತ್ತದೆ. ನಿಮ್ಮಲ್ಲಿ ಹೆಚ್ಚಾದದ್ದು ಹೀಗೆ. ಒಣ ಬಿಸಿಲಿನಲ್ಲಿ ಸುಮಾರು ಒಂದು ವಾರಕ್ಕೆ ಹೊಸ ತಲೆಮಾರು ಬರುತ್ತದೆ, ರಸ್ತೆಯ ದೂಳು ಕೂತ ಎಲೆ ಅದಕ್ಕೆ ಇನ್ನೂ ಹಿತ. ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಗೆ ರಭಸದಿಂದ ನೀರು ಹಾಯಿಸಿ, ಎರಡು ವಾರ ಬಿಡದೆ. ಬಗ್ಗದಿದ್ದರೆ ವೆಟ್ಟಬಲ್ ಸಲ್ಫರ್ (ನೀರಿನಲ್ಲಿ ಕದಡುವ ಗಂಧಕದ ಪುಡಿ), ಲೀಟರ್ ನೀರಿಗೆ 3 ಗ್ರಾಂ. 32 ಡಿಗ್ರಿ ಮೀರಿದ ದಿನ ಹೊಡೆಯಬೇಡಿ. ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಡಿ. ತಪ್ಪಿದರೆ ಎಲೆ ಸುಡುತ್ತದೆ.

ಉತ್ತರ 2
ದಾಸವಾಳದ್ದು ಹಿಟ್ಟು ತಿಗಣೆಯ ಲಕ್ಷಣ. ಅದರ ಜೊಲ್ಲಿನ ವಿಷದಿಂದಲೇ ಕುಡಿ ಮುರುಟುವುದು. ಮುರುಟಿದ ಮಡಿಕೆಯೊಳಗೆ ಔಷಧಿ ಇಳಿಯುವುದಿಲ್ಲ, ಆದ್ದರಿಂದ ಆ ಕುಡಿಗಳನ್ನು ಕತ್ತರಿಸಿ, ಅಲುಗಿಸದೆ ನೇರ ಚೀಲಕ್ಕೆ ಹಾಕಿ ಕಟ್ಟಿ. ಆಮೇಲೆ ಇರುವೆ. ತಿಗಣೆ ಹೊರಹಾಕುವ ಸಿಹಿ ಅಂಟಿನ ಆಸೆಗೆ ಅವು ಅದನ್ನು ಗುಲಗಂಜಿ ಹುಳುಗಳಿಂದ ಕಾಯುತ್ತವೆ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿಯಿರಿ, ತೊಗಟೆಗೆ ನೇರವಾಗಿ ಬೇಡ. ಗೋಡೆಗೆ ತಾಗುವ ಒಂದೇ ಒಂದು ರೆಂಬೆ ಉಳಿದರೂ ಪಟ್ಟಿ ವ್ಯರ್ಥ. ಕೊನೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 1 ಮಿಲಿ ದ್ರವ ಸೋಪು ಕದಡಿ ಸಂಜೆ ಹೊಡೆಯಿರಿ. ಮೊದಲು ನಾಲ್ಕು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಮೇಣದ ಚೀಲದೊಳಗಿನ ಮೊಟ್ಟೆ ಉಳಿದುಕೊಳ್ಳುವುದರಿಂದ ವಾರಕ್ಕೊಮ್ಮೆ, ಮೂರು ಸಲ. ಗಡಸು ನೀರಿನಲ್ಲಿ ಸೋಪು ಒಡೆಯುತ್ತದೆ. ಮಳೆ ನೀರು ಒಳ್ಳೆಯದು. ಕಪ್ಪು ಬೂಷ್ಟು ಆ ಸಿಹಿ ಅಂಟಿನ ಮೇಲೆಯೇ ಬೆಳೆಯುವುದು, ಅದಕ್ಕೆ ಬೇರೆ ಔಷಧಿ ಬೇಡ.

ಉತ್ತರ 3
ಹೊಂಗೆಯ ಗಂಟು ಬೇರೆ ಜಾತಿಯ, ಬರಿಗಣ್ಣಿಗೆ ಕಾಣದ ನುಸಿಯ ಕೆಲಸ. ಮರಕ್ಕೆ ಧಕ್ಕೆ ಇಲ್ಲ, ಬಿಟ್ಟುಬಿಡಿ.

ದಾಸವಾಳದ ರೆಂಬೆಯಲ್ಲಿ ಕಂದು ಬೊಕ್ಕೆ ಕಂಡರೆ ಉಗುರಿನಿಂದ ಒತ್ತಿ. ರಸ ಬಂದರೆ ಜೀವಂತ ಶಲ್ಕ ಕೀಟ (ಚಿಪ್ಪಿನಡಿ ಕೂತು ರಸ ಹೀರುವ ಕೀಟ), ಪುಡಿಯಾದರೆ ಸತ್ತದ್ದು. ಸತ್ತ ಚಿಪ್ಪು ತಿಂಗಳುಗಟ್ಟಲೆ ಅಂಟಿಕೊಂಡೇ ಇರುತ್ತದೆ, ಅದನ್ನು ನೋಡಿ ಮತ್ತೆ ಮತ್ತೆ ಹೊಡೆಯುವವರೇ ಹೆಚ್ಚು. ರೆಂಬೆಗೆ ಎರಡೂ ಬದಿ ಅಂಟುವ ಟೇಪ್ ಸುತ್ತಿಡಿ. ಹಳದಿ ಕಣದಂಥ ಮರಿಗಳು ಅದಕ್ಕೆ ಹತ್ತಿದ ವಾರವೇ ಎಣ್ಣೆ ಹೊಡೆಯಲು ಸರಿಯಾದ ಸಮಯ.

ಉತ್ತರ 4
ಇಮಿಡಾಕ್ಲೋಪ್ರಿಡ್ ಇನ್ನು ಬೇಡವೇ ಬೇಡ, ಮಣ್ಣಿಗೂ ಸುರಿಯಬೇಡಿ. ಅದು ಮಕರಂದಕ್ಕೂ ಪರಾಗಕ್ಕೂ ಏರುತ್ತದೆ. 2013ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ವಿಲ್ಸನ್‌ವಿಲ್‌ನಲ್ಲಿ, ಸಸ್ಯಹೇನಿಗೆಂದು ಹೂಬಿಟ್ಟ ಲಿಂಡೆನ್ ಮರಗಳಿಗೆ ಇದೇ ಗುಂಪಿನ ಡೈನೊಟೆಫ್ಯೂರಾನ್ ಹೊಡೆದು ಸುಮಾರು 50,000 ಬಂಬಲ್‌ಬೀ ಎಂಬ ದುಂಬಿಗಳು ಸತ್ತವು. ಯೂರಿಯಾ ಹಾಕುತ್ತಿದ್ದರೆ ಅದನ್ನೂ ಸದ್ಯ ನಿಲ್ಲಿಸಿ: ಸಾರಜನಕ ಹೆಚ್ಚಾದ ಎಳೆ ಚಿಗುರೇ ರಸ ಹೀರುವ ಕೀಟಗಳಿಗೆ ಮೊದಲ ಊಟ.