ಅಪ್‌ಡೇಟ್: ಶಂಕು ಟ್ಯಾಂಕ್ ಕೊನೆಗೂ ಮಾತು ಕೇಳಿತು, ಮುಕ್ಕಾಲು ಪಾಲು

ಹೋದ ತಿಂಗಳು ಕೇಳಿದ್ದೆ: ಪುಣೆಯ ಭೋಸರಿಯಲ್ಲಿರುವ ನಮ್ಮ ವರ್ಕ್‌ಶಾಪಿನ ಚೂಪು ತುದಿ ಕೆಳಗಿರುವ ಶಂಕು ಆಕಾರದ ಟ್ಯಾಂಕಿನಲ್ಲಿ ನೀರು 60 ಸೆಂ.ಮೀ.ಗೆ ಚೆನ್ನಾಗಿ ನಿಲ್ಲುತ್ತದೆ, 30ಕ್ಕೆ ಇಳಿಸಿದರೆ ಪಿಐಡಿ ಕಂಟ್ರೋಲರ್ (ಮಟ್ಟ ನೋಡಿ ವಾಲ್ವನ್ನು ತಾನೇ ತೆರೆದು ಮುಚ್ಚುವ ಸಾಧನ) ಕುಣಿಯುತ್ತದೆ, ಯಾಕೆ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ್ದು ಸರಿ. ಎತ್ತರ ಅರ್ಧವಾದರೆ ನೀರಿನ ಮೇಲ್ಮೈ ಕಾಲು ಭಾಗವಾಗುತ್ತದೆ. ಅಷ್ಟೇ ನೀರು ಬಿಟ್ಟರೂ ಮಟ್ಟ ನಾಲ್ಕು ಪಟ್ಟು ಬೇಗ ಏರುತ್ತದೆ. ವಾಲ್ವ್ ತಡವಾಗಿ ತೆರೆಯುವುದರಿಂದ ಅದು ಕುಣಿತಕ್ಕೆ ತಿರುಗುತ್ತದೆ. ಈಗ ಗೇನ್ ಅನ್ನು, ಅಂದ್ರೆ ಮಟ್ಟ ತಪ್ಪಿದಾಗ ಕಂಟ್ರೋಲರ್ ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕು ಅನ್ನೋದನ್ನು, ಮಟ್ಟಕ್ಕೆ ತಕ್ಕಂತೆ ಬದಲಿಸುತ್ತಿದ್ದೇನೆ.

ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು. ಹೊರಹರಿವು ಎತ್ತರದ ವರ್ಗಮೂಲಕ್ಕೆ ಅನುಗುಣ, ಅದು ಟೊರಿಸೆಲ್ಲಿ ನಿಯಮ. ಅದರ ಗುಣಾಂಕವನ್ನು ಮೂರು ಸಲ ಅಳೆದೆ, ಮೂರು ಸಂಖ್ಯೆ ಬಂದವು. ನಿಜವಾದದ್ದು ಯಾವುದು ಅಂತ ಸುಮ್ನೆ ಎರಡು ವಾರ ತಲೆ ಕೆಡಿಸಿಕೊಂಡೆ. ಧಾರವಾಡದ ನನ್ನ ರೂಮ್‌ಮೇಟ್ ಚಹಾ ಕುಡಿಯುತ್ತಾ ಕೇಳಿದ: "ಒಂದೇ ಸಂಖ್ಯೆ ಯಾಕ ಬೇಕೋ? ಎಲ್ಲಿಂದ ಎಲ್ಲಿ ತನಕ ಅಂತ ಇಟ್ಕೋ."

ಹಾಗೇ ಮಾಡಿದೆ. ಗುಣಾಂಕ ಶೇಕಡ 20 ಹೆಚ್ಚುಕಡಿಮೆ, ವಾಲ್ವಿನ ತಡ 1ರಿಂದ 3 ಸೆಕೆಂಡ್. ಅದರೊಳಗೆ ಮನಬಂದಂತೆ ಆರಿಸಿ 500 ಸಲ ಸಿಮ್ಯುಲೇಷನ್ ಓಡಿಸಿದೆ. ತಮಾಷೆ ಅಂದ್ರೆ, ಕೆಟ್ಟ ಫಲಿತಾಂಶಗಳೆಲ್ಲ ತಡದಿಂದಲೇ ಬಂದಿದ್ದವು! ಗುಣಾಂಕದ ತಪ್ಪನ್ನು ಕಂಟ್ರೋಲರಿನ ಇಂಟಿಗ್ರಲ್ ಭಾಗ (ಆಗಿಹೋದ ತಪ್ಪನ್ನು ಕೂಡಿಸುತ್ತಾ ಹೋಗುವುದು) ತಾನೇ ಸರಿಮಾಡಿಕೊಳ್ಳುತ್ತದೆ ಅಲ್ವಾ. 3 ಸೆಕೆಂಡ್ ತಡವನ್ನೂ ತಡೆಯುವ ಹಾಗೆ ಗೇನ್ ಇಳಿಸಿದೆ. ಸ್ವಲ್ಪ ನಿಧಾನ, ಆದರೆ ಕುಣಿತವಿಲ್ಲ.

ಒಂದು ಉಳಿದಿದೆ. ವಾಲ್ವ್ ಅಂಟಿಕೊಂಡು ಆಮೇಲೆ ಫಟ್ಟನೆ ಜಿಗಿಯುತ್ತದೆ, ಮಟ್ಟ ಅರ್ಧ ಸೆಂ.ಮೀ. ಹೊಯ್ದಾಡುತ್ತಲೇ ಇರುತ್ತದೆ. ಸದ್ಯಕ್ಕೆ ಸಣ್ಣ ಏರುಪೇರಿಗೆ ಕಂಟ್ರೋಲರ್ ಸುಮ್ಮನಿರುವ ಹಾಗೆ ಡೆಡ್‌ಬ್ಯಾಂಡ್ ಹಾಕಿದ್ದೇನೆ. ಹೊಸ ವಾಲ್ವಿಗೆ ಸಾಹೇಬರು ಇನ್ನೂ ಸಹಿ ಹಾಕಿಲ್ಲ.