‘1984’ ಓದುವಾಗ ಟೆಲಿಸ್ಕ್ರೀನ್ ನೋಡಬೇಕೋ, ಬೂಟಿನ ಲೆಕ್ಕ ನೋಡಬೇಕೋ?

ಪುಸ್ತಕಹುಳು:
ಜಾರ್ಜ್ ಆರ್ವೆಲ್ ಅವರ ‘1984’ ಬಗ್ಗೆ ಮಾತು ಬಂದಾಗಲೆಲ್ಲ ಸಿಸಿಟಿವಿ, ಫೋನ್ ಕದ್ದಾಲಿಕೆ ಅಂತ ಶುರುವಾಗಿ ಅಲ್ಲೇ ಮುಗಿದುಹೋಗುತ್ತೆ. ನನ್ನ ಪ್ರಕಾರ ಈ ಕಾದಂಬರಿಯ ಜೀವ ಇರೋದು ಕಣ್ಗಾವಲಿನಲ್ಲಿ ಅಲ್ಲ, ಕಡತದಲ್ಲಿ. ಮೊದಲ ಭಾಗದ 4ನೇ ಅಧ್ಯಾಯದಲ್ಲಿ ಕಥಾನಾಯಕ ವಿನ್‌ಸ್ಟನ್ ಸ್ಮಿತ್ ತನ್ನ ಸರ್ಕಾರಿ ಆಫೀಸಿನಲ್ಲಿ ಕೂತು ಏನು ಮಾಡ್ತಾನೆ ಅನ್ನೋದನ್ನ ಸರಿಯಾಗಿ ಓದದಿದ್ದರೆ ಮೂರನೇ ಭಾಗದ ಚಿತ್ರಹಿಂಸೆ ಬರೀ ಹೆದರಿಸೋ ಕತೆಯಾಗಿಬಿಡುತ್ತೆ. ಒಪ್ಪದವರು ಬನ್ನಿ.

ತುಂಗಾತೀರ:
ಬಂದೆ. ಮೊದಲ ಅಧ್ಯಾಯದಲ್ಲೇ ಟೆಲಿಸ್ಕ್ರೀನ್, ಅಂದರೆ ಸುದ್ದಿಯನ್ನೂ ಹೇಳೋ, ಎದುರಿಗಿರೋರನ್ನ ನೋಡಿ ಕೇಳಿಸಿಕೊಳ್ಳೋ ಗೋಡೆಪರದೆ, ಇದೆಯಲ್ಲ ಸ್ವಾಮಿ. ದನಿ ತಗ್ಗಿಸಬಹುದು, ಪೂರ್ತಿ ಆರಿಸೋಕಾಗಲ್ಲ. ಯಾವ ಗಳಿಗೆಯಲ್ಲಿ ಯಾರನ್ನ ನೋಡ್ತಿದ್ದಾರೆ ಅಂತ ಗೊತ್ತಾಗಲ್ಲ, ಹಾಗಾಗಿ ಸದಾ ನೋಡ್ತಿದ್ದಾರೆ ಅಂದುಕೊಂಡೇ ಬದುಕಬೇಕು. ವಿನ್‌ಸ್ಟನ್‌ಗೆ ಡೈರಿ ಬರೆಯೋ ಯೋಚನೆ ಬರೋದಕ್ಕೆ ಒಂದು ಕಾರಣ ಅವನ ಕೋಣೆಯ ರಚನೆ. ಎಲ್ಲರ ಮನೆಯಲ್ಲಿ ಟೆಲಿಸ್ಕ್ರೀನ್ ಇಡೀ ಕೋಣೆ ಕಾಣೋ ಹಾಗೆ ತುದಿಯ ಗೋಡೆಯಲ್ಲಿದ್ದರೆ, ಇವನ ಮನೆಯಲ್ಲಿ ಕಿಟಕಿಯ ಎದುರಿನ ಉದ್ದ ಗೋಡೆಯಲ್ಲಿದೆ. ಅದರ ಪಕ್ಕದಲ್ಲಿ ಬಹುಶಃ ಪುಸ್ತಕ ಇಡೋಕೆ ಅಂತ ಬಿಟ್ಟ ಒಂದು ಗೂಡು. ಅದರಲ್ಲಿ ಒತ್ತಿಕೊಂಡು ಕೂತರೆ ಕಾಣಿಸಲ್ಲ, ಕೇಳಿಸುತ್ತೆ. ಲೇಖಕ ಇಷ್ಟು ಅಳತೆ ಹಿಡಿದು ಬರೆದಿರುವಾಗ ಕಣ್ಗಾವಲು ಮುಖ್ಯ ಅಲ್ಲ ಅಂದರೆ ಹೇಗೆ?

ಲೆಕ್ಕಿಗ:
ಹಾಗಾದರೆ ಒಂದು ಲೆಕ್ಕ ಕೊಡ್ತೀನಿ. ಕತೆ ನಡೆಯೋ ದೇಶ ಓಷಿಯಾನಿಯಾದಲ್ಲಿ ಒಳಪಕ್ಷದವರು, ಅಂದರೆ ಆಳೋ ಪಕ್ಷದ ಮೇಲಿನ ಪದರದವರು, ಶೇ 2ಕ್ಕೂ ಕಡಿಮೆ. ಪ್ರೋಲ್‌ಗಳು, ಅಂದರೆ ದುಡಿಯೋ ಜನ, ಹತ್ತಿರತ್ತಿರ ಶೇ 85. ಈ ಶೇ 85ರಲ್ಲಿ ಹೆಚ್ಚಿನವರ ಮನೆಯಲ್ಲಿ ಟೆಲಿಸ್ಕ್ರೀನೇ ಇಲ್ಲ! ಅವರನ್ನ ಹಿಡಿದಿಟ್ಟಿರೋದು ಬಿಯರ್, ಫುಟ್‌ಬಾಲ್, ಅಗ್ಗದ ಹಾಡು, ಲಾಟರಿ. ಆ ಲಾಟರಿಯಲ್ಲೂ ಚಿಲ್ಲರೆ ಬಹುಮಾನ ಮಾತ್ರ ನಿಜವಾಗಿ ಕೈಗೆ ಸಿಗೋದು. ದೊಡ್ಡ ಮೊತ್ತ ಗೆದ್ದವರು ಅನ್ನೋರು ಇಲ್ಲವೇ ಇಲ್ಲ, ಕಾಗದದ ಮೇಲಿನ ಹೆಸರುಗಳು. ಎಲ್ಲರನ್ನೂ ನೋಡ್ತಿರೋ ಸರ್ಕಾರ ಅನ್ನೋ ಮಾತು ಕಾದಂಬರಿಯ ಪೋಸ್ಟರ್‌ನಲ್ಲಿದೆ, ಕಾದಂಬರಿಯಲ್ಲಿಲ್ಲ.

ತುಂಗಾತೀರ:
ಪ್ರೋಲ್‌ಗಳ ನಡುವೆ ಥಾಟ್ ಪೊಲೀಸರ, ಅಂದರೆ ತಪ್ಪು ಯೋಚನೆಯನ್ನೂ ಅಪರಾಧ ಅಂತ ಹಿಡಿಯೋ ಪೊಲೀಸರ, ಏಜೆಂಟರು ಓಡಾಡ್ತಾನೇ ಇರ್ತಾರೆ. ಸುಳ್ಳು ಸುದ್ದಿ ಹಬ್ಬಿಸ್ತಾರೆ, ಮುಂದೆ ತೊಂದರೆ ಕೊಡಬಹುದು ಅನ್ನಿಸಿದವರನ್ನ ಗುರುತು ಹಾಕಿ ಮುಗಿಸ್ತಾರೆ. ಅದನ್ನ ಬಿಟ್ಟಿರಿ.

ಲೆಕ್ಕಿಗ:
ಸರಿ, ಅದು ಇದೆ. ಆದರೆ ಅದು ನಾಲ್ಕಾರು ಜನರನ್ನ ಹೆಕ್ಕಿ ತೆಗೆಯೋ ಕೆಲಸ. ಹಗಲೂ ರಾತ್ರಿ ಕಣ್ಣಿಡೋದು ಪಕ್ಷದವರ ಮೇಲೆ ಮಾತ್ರ.

ಪುಸ್ತಕಹುಳು:
ಈಗ ಬೂಟಿಗೆ ಬರೋಣ. ಒಂದು ತ್ರೈಮಾಸಿಕದಲ್ಲಿ 14.5 ಕೋಟಿ ಜೊತೆ ಬೂಟು ತಯಾರಾಗುತ್ತೆ ಅಂತ ಸಮೃದ್ಧಿ ಸಚಿವಾಲಯ ಮೊದಲೇ ಹೇಳಿತ್ತು. ಆದದ್ದು 6.2 ಕೋಟಿ ಅಂತ ವರದಿ. ವಿನ್‌ಸ್ಟನ್ ಹಳೇ ಪತ್ರಿಕೆಯಲ್ಲಿದ್ದ ಅಂದಾಜನ್ನೇ 5.7 ಕೋಟಿ ಅಂತ ತಿದ್ದುತ್ತಾನೆ. ಗುರಿ ಮೀರಿದ ಸಾಧನೆ! ಅಂದಾಜನ್ನ ಸರಿಯಾಗಿ 6.2ಕ್ಕೆ ತರದೆ ಅದಕ್ಕಿಂತ ಕೆಳಗಿಳಿಸಿದ್ದು ಅಭ್ಯಾಸಬಲ. ‘ಗುರಿ ಮೀರಿದೆವು’ ಅಂತ ಪ್ರತಿಸಲ ಹೇಳೋ ಪದ್ಧತಿ ಇದೆ, ಅದಕ್ಕೆ ಜಾಗ ಬಿಡಬೇಕು. ಅಷ್ಟಕ್ಕೂ ಒಂದೇ ಒಂದು ಬೂಟೂ ತಯಾರಾಗಿಲ್ಲದೆ ಇರಬಹುದು ಅಂತ ಅವನಿಗೇ ಅನ್ನಿಸುತ್ತೆ, ಅರ್ಧ ದೇಶ ಬರಿಗಾಲಲ್ಲಿದೆ.

ಕೆಲಸದ ಕ್ರಮ ನೋಡಿ. ಮೇಜಿನ ಹತ್ತಿರ ಗೋಡೆಯಲ್ಲಿ ಮೂರು ಕಿಂಡಿ: ಚೀಟಿ ಬರೋಕೆ ಸಣ್ಣ ಕೊಳವೆ, ಪತ್ರಿಕೆಗೆ ದೊಡ್ಡ ಕೊಳವೆ, ಪಕ್ಕದ ಗೋಡೆಯಲ್ಲಿ ರದ್ದಿ ಹಾಕೋಕೆ ಉದ್ದನೆಯ ಸೀಳು. ಚೀಟಿ ಬರುತ್ತೆ. ಹಳೇ ‘ಟೈಮ್ಸ್’ ಸಂಚಿಕೆ ತರಿಸಿಕೊಳ್ತಾನೆ. ತಿದ್ದುಪಡಿಯನ್ನ ಬಾಯಲ್ಲೇ ಹೇಳಿ ಯಂತ್ರದಿಂದ ಬರೆಸಿ, ಸಂಚಿಕೆಗೆ ಸಿಕ್ಕಿಸಿ ಕಳಿಸ್ತಾನೆ. ಚೀಟಿ, ಟಿಪ್ಪಣಿ ಎಲ್ಲಾ ಸೀಳಿಗೆ, ಅಲ್ಲಿಂದ ಕುಲುಮೆಗೆ. ಆಮೇಲೆ ಆ ದಿನದ ಸಂಚಿಕೆ ಹೊಸದಾಗಿ ಅಚ್ಚಾಗಿ ಕಡತ ಸೇರುತ್ತೆ, ಮೂಲ ಪ್ರತಿ ಸುಟ್ಟು ಹೋಗುತ್ತೆ. ಚೀಟಿಯಲ್ಲಿ ‘ಸುಳ್ಳು ಬರಿ’ ಅಂತ ಎಲ್ಲೂ ಇರಲ್ಲ. ಅಚ್ಚಿನ ತಪ್ಪು, ತಪ್ಪು ಉಲ್ಲೇಖ, ಸರಿಪಡಿಸಿ, ಇದೇ ಭಾಷೆ.

ಹೊಸ ಓದುಗ:
ಇದು ನಮ್ಮ ತುರ್ತು ಪರಿಸ್ಥಿತಿಯ ಸೆನ್ಸಾರ್ ತರಹವೇ ಅಲ್ವಾ?

ಕರಡು ತಿದ್ದುವವ:
ಅಲ್ಲ, ವ್ಯತ್ಯಾಸ ಇರೋದೇ ಇಲ್ಲಿ. 1975ರ ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನ ಖಾಲಿ ಬಿಟ್ಟಿತು. ಏನೋ ತಡೆದಿದ್ದಾರೆ ಅಂತ ಓದುಗನಿಗೆ ಆ ಖಾಲಿ ಜಾಗವೇ ಹೇಳಿತು. ವಿನ್‌ಸ್ಟನ್‌ನ ಇಲಾಖೆಯಿಂದ ಖಾಲಿ ಜಾಗ ಹೊರಬರೋಕೆ ಸಾಧ್ಯವೇ ಇಲ್ಲ. ವಿದರ್ಸ್ ಅನ್ನೋ ಅಧಿಕಾರಿ ಪಕ್ಷದ ಕಣ್ಣಿಗೆ ಕೆಟ್ಟವನಾದ ಕೂಡಲೇ, ಅವನನ್ನ ಹೊಗಳಿದ್ದ ಹಳೇ ಭಾಷಣದ ಜಾಗದಲ್ಲಿ ಒಗಿಲ್ವಿ ಅನ್ನೋ ವೀರಯೋಧನ ಕತೆ ಬರುತ್ತೆ. ಆ ಒಗಿಲ್ವಿ ಹುಟ್ಟಿದ್ದೇ ಅವತ್ತು, ವಿನ್‌ಸ್ಟನ್‌ನ ತಲೆಯಲ್ಲಿ.

ಕರಾವಳಿ ಕಡೆಯಿಂದ:
ಕನ್ನಡ ಓದುಗರು ಗಮನಿಸದೆ ದಾಟಿಬಿಡೋ ಒಂದು ಸಾಲಿದೆ. ಮೊದಲ ಭಾಗದ 2ನೇ ಅಧ್ಯಾಯದಲ್ಲಿ ಟೆಲಿಸ್ಕ್ರೀನ್ ತುತ್ತೂರಿ ಊದಿ ಮಲಬಾರ್ ರಣರಂಗದ ಸುದ್ದಿ ಕೊಡುತ್ತೆ: ದಕ್ಷಿಣ ಭಾರತದಲ್ಲಿ ನಮ್ಮ ಸೇನೆಗೆ ಭಾರೀ ಗೆಲುವು. ಕೇಳಿದ ಕೂಡಲೇ ವಿನ್‌ಸ್ಟನ್‌ಗೆ ಕೆಟ್ಟ ಸುದ್ದಿ ಕಾದಿದೆ ಅಂತ ಗೊತ್ತಾಗುತ್ತೆ. ಹಾಗೇ ಆಗುತ್ತೆ, ಮುಂದಿನ ವಾರದಿಂದ ಚಾಕೊಲೇಟ್ ಪಡಿತರ 30 ಗ್ರಾಂನಿಂದ 20ಕ್ಕೆ. ಪಕ್ಷದ ಪರಮಶತ್ರು ಗೋಲ್ಡ್‌ಸ್ಟೈನ್ ಬರೆದದ್ದು ಅಂತ ಕತೆಯಲ್ಲಿ ಬರೋ ಗ್ರಂಥದಲ್ಲೂ ದಕ್ಷಿಣ ಭಾರತದ ಹೆಸರಿದೆ. ಕತೆಯ ಮೂರು ದೈತ್ಯ ರಾಷ್ಟ್ರಗಳು ಕಿತ್ತಾಡೋ ಜಾಗಗಳಲ್ಲಿ ಅದೂ ಒಂದು, ಅಗ್ಗದ ಕೂಲಿಗಳು ಸಿಗೋ ನೆಲ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ, 1941ರಿಂದ 43ರವರೆಗೆ ಬಿಬಿಸಿಯಿಂದ ಭಾರತಕ್ಕೆ ಯುದ್ಧಕಾಲದ ಕಾರ್ಯಕ್ರಮ ಮಾಡಿದ ಆರ್ವೆಲ್ ಬರೆದ ಭೂಪಟ ಇದು.

ಪುಸ್ತಕಹುಳು:
ಆ ಚಾಕೊಲೇಟನ್ನೇ ಹಿಡಿದುಕೊಂಡು ಹೋಗಿ. 2ನೇ ಅಧ್ಯಾಯದಲ್ಲಿ ಕಡಿತ. 4ರಲ್ಲಿ, ಕಡಿತ ಇಲ್ಲ ಅಂತ ಕೊಟ್ಟಿದ್ದ ಹಳೇ ಮಾತನ್ನ ವಿನ್‌ಸ್ಟನ್ ‘ಕಡಿತ ಬೇಕಾಗಬಹುದು’ ಅಂತ ತಿದ್ದುತ್ತಾನೆ. 5ರಲ್ಲಿ, ಕ್ಯಾಂಟೀನಿನಲ್ಲಿ, ಪಡಿತರವನ್ನ 20 ಗ್ರಾಂಗೆ *ಏರಿಸಿದ್ದಕ್ಕೆ* ಪಕ್ಷದ ನಾಯಕ ಬಿಗ್ ಬ್ರದರ್‌ಗೆ ಧನ್ಯವಾದ ಹೇಳೋ ಮೆರವಣಿಗೆ ನಡೆದ ಸುದ್ದಿ. ನಡುವೆ ಒಂದೇ ದಿನ. ನೆರೆಮನೆಯ ಪಾರ್ಸನ್ಸ್ ದಡ್ಡತನದಿಂದ ನುಂಗ್ತಾನೆ, ಪಕ್ಕದ ಮೇಜಿನವನು ಆವೇಶದಿಂದ. ನಿಘಂಟು ಮಾಡೋ ಬುದ್ಧಿವಂತ ಸೈಮ್ ಕೂಡ ನುಂಗ್ತಾನೆ, ಅವನದು ಸುತ್ತುಬಳಸಿನ ದಾರಿ, ಇಬ್ಬಗೆ ಯೋಚನೆ, ಅಂದರೆ ಎರಡು ವಿರುದ್ಧ ಮಾತನ್ನ ಒಟ್ಟಿಗೇ ನಂಬೋದು. ಇದರಲ್ಲಿ ಕ್ಯಾಮೆರಾದ ಕೆಲಸ ಏನಿದೆ?

ತುಂಗಾತೀರ:
ಇದೆ. ಏಳು ವರ್ಷ ವಿನ್‌ಸ್ಟನ್ ಮೇಲೆ ಕಣ್ಣಿಟ್ಟಿದ್ದರು. ಡೈರಿಯ ರಟ್ಟಿನ ಮೇಲೆ ಗುರುತಿಗೆ ಅಂತ ಅವನು ಇಟ್ಟಿದ್ದ ಬಿಳಿ ಧೂಳಿನ ಕಣವನ್ನ ಸಹ, ತೆರೆದು ಓದಿದ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟು ಹೋಗಿದ್ದರು.

ಕರಡು ತಿದ್ದುವವ:
ಒಳ್ಳೇ ಉದಾಹರಣೆ, ಆದರೆ ಅದು ನಿಮ್ಮ ವಾದಕ್ಕೇ ತಿರುಗೇಟು. ಹಿಡಿಯೋದಷ್ಟೇ ಗುರಿಯಾಗಿದ್ದರೆ ಡೈರಿ ಬರೆಯೋಕೆ ಶುರುಮಾಡಿದ ದಿನವೇ ಹಿಡಿಯಬಹುದಿತ್ತು. ಕಾದದ್ದು ಯಾಕೆ? ಮೂರನೇ ಭಾಗದಲ್ಲಿ, ಸೆರೆಸಿಕ್ಕ ವಿನ್‌ಸ್ಟನ್‌ನನ್ನ ಹಿಂಸಿಸೋ ಒಳಪಕ್ಷದ ಓಬ್ರಿಯನ್, ಅವನು ಹಿಂದೊಮ್ಮೆ ಕಂಡಿದ್ದ ಒಂದು ಫೋಟೊ ತೋರಿಸ್ತಾನೆ: ಪಕ್ಷದ ಹಳೇ ನಾಯಕರಾದ ಜೋನ್ಸ್, ಆರನ್‌ಸನ್, ರುದರ್‌ಫರ್ಡ್ ನ್ಯೂಯಾರ್ಕಿನಲ್ಲಿದ್ದ ಚಿತ್ರ. ಅದೇ ದಿನ ತಾವು ಶತ್ರುದೇಶದಲ್ಲಿದ್ದೆವು ಅಂತ ಆ ಮೂವರೂ ತಪ್ಪೊಪ್ಪಿಕೊಂಡಿದ್ದರು. ತೋರಿಸಿ, ವಿನ್‌ಸ್ಟನ್ ಕಣ್ಣೆದುರೇ ಸುಟ್ಟು, ‘ನನಗೆ ನೆನಪಿಲ್ಲ’ ಅಂತಾನೆ. ಕೈಗೆ ಸಿಕ್ಕವನ ನೆನಪನ್ನೂ ಕಡತದ ಹಾಗೆ ತಿದ್ದಬೇಕು. ಕಣ್ಗಾವಲು ಆ ಕೆಲಸಕ್ಕೆ ಕಚ್ಚಾವಸ್ತು ಒದಗಿಸುತ್ತೆ.

ತುಂಗಾತೀರ:
ಕಚ್ಚಾವಸ್ತು ಇಲ್ಲದೆ ಕಾರ್ಖಾನೆ ನಡೆಯಲ್ಲ. ನಾನು ಹೇಳಿದ್ದೂ ಅದೇ.

ಹೊಸ ಓದುಗ:
ಎರಡನೇ ಭಾಗದ 9ನೇ ಅಧ್ಯಾಯ, ಆ ಗೋಲ್ಡ್‌ಸ್ಟೈನ್ ಗ್ರಂಥ, ಸಾಗ್ತಾನೇ ಇಲ್ಲ. ಹಾರಿಸಬಹುದಾ? ಕೊನೆಯ ಅನುಬಂಧ?

ಲೆಕ್ಕಿಗ:
ಗ್ರಂಥ ಹಾರಿಸಬೇಡಿ, ಆದರೆ ಅದನ್ನ ಸತ್ಯ ಅಂತಲೂ ಓದಬೇಡಿ. ಬಹಳ ಜನ ಮುಗ್ಗರಿಸೋದು ಇಲ್ಲೇ. ಅದನ್ನ ಬರೆಯೋದರಲ್ಲಿ ತಾನೂ ಸೇರಿದ್ದೆ ಅಂತ ಓಬ್ರಿಯನ್ ಆಮೇಲೆ ಹೇಳ್ತಾನೆ. ವರ್ಣನೆ ಸರಿ, ಮುಂದಿಡೋ ಯೋಜನೆ ಅಸಂಬದ್ಧ ಅಂತಾನೆ. ವಿನ್‌ಸ್ಟನ್ ಪೂರ್ತಿ ಓದೋದೂ ಇಲ್ಲ. 1ನೇ ಅಧ್ಯಾಯ ತೆರೆದು, 3ಕ್ಕೆ ಹಾರಿ, ಮತ್ತೆ 1ಕ್ಕೆ ಬಂದು, ಅಧಿಕಾರ ಯಾಕೆ ಬೇಕು ಅನ್ನೋದಕ್ಕೆ ಉತ್ತರ ಬರೋ ಸಾಲಿನಲ್ಲೇ ನಿಲ್ಲಿಸ್ತಾನೆ, ಪ್ರೇಯಸಿ ಜೂಲಿಯಾ ನಿದ್ದೆಹೋಗಿದ್ದಾಳೆ ಅಂತ. ಆ ಉತ್ತರ ಆಮೇಲೆ ಓಬ್ರಿಯನ್ ಬಾಯಿಂದಲೇ ಬರಬೇಕು.

ಕರಡು ತಿದ್ದುವವ:
ಅನುಬಂಧದ ಬಗ್ಗೆ ಜಗಳ ಹಳೇದು. ನ್ಯೂಸ್ಪೀಕ್, ಅಂದರೆ ಯೋಚನೆಯನ್ನೇ ಕುಗ್ಗಿಸೋಕೆ ಪಕ್ಷ ಕಟ್ಟಿದ ಭಾಷೆ, ಅದರ ಕುರಿತ ಆ ಬರಹ ಪೂರ್ತಿ ಭೂತಕಾಲದಲ್ಲಿದೆ, ಅದೂ ಸಾಮಾನ್ಯ ಇಂಗ್ಲಿಷಿನಲ್ಲಿ. 2050ರ ಹೊತ್ತಿಗೆ ಹಳೇ ಭಾಷೆ ಪೂರ್ತಿ ಹೋಗುತ್ತೆ ಅಂತ ‘ನಿರೀಕ್ಷಿಸಲಾಗಿತ್ತು’ ಅನ್ನುತ್ತೆ. ಅಂದರೆ ಪಕ್ಷ ಬಿದ್ದುಹೋದ ಮೇಲೆ ಯಾರೋ ವಿದ್ವಾಂಸ ಬರೆದದ್ದು. ಕೆನಡಾದ ಕಾದಂಬರಿಗಾರ್ತಿ ಮಾರ್ಗರೆಟ್ ಅಟ್‌ವುಡ್ ಕೂಡ ಹೀಗೇ ಓದಿದ್ದಾರೆ.

ಪುಸ್ತಕಹುಳು:
ಕಾದಂಬರಿಯೂ ಭೂತಕಾಲದಲ್ಲೇ ಇದೆಯಲ್ಲ, ಅಷ್ಟರಿಂದಲೇ ಪಕ್ಷ ಬಿತ್ತು ಅಂತ ಹೇಳೋಕಾಗುತ್ತಾ? ಓದುಗರು ಕಷ್ಟಪಟ್ಟು ಹುಡುಕಿಕೊಂಡ ಸಮಾಧಾನ ಅದು.

ಕರಡು ತಿದ್ದುವವ:
ಮೊದಲ ಅಧ್ಯಾಯದ ಅಡಿಟಿಪ್ಪಣಿ ನೋಡಿ, ಅದೂ ನ್ಯೂಸ್ಪೀಕ್ ‘ಅಧಿಕೃತ ಭಾಷೆಯಾಗಿತ್ತು’ ಅಂತ ಹೇಳಿ ಅನುಬಂಧ ನೋಡಿ ಅನ್ನುತ್ತೆ. ಕತೆಯ ಪಾತ್ರಗಳಿಗೆ ಅಡಿಟಿಪ್ಪಣಿ ಬೇಕಿಲ್ಲ, ಹೊರಗೆ ನಿಂತು ಓದೋವನಿಗೆ ಬೇಕು. ಅಮೆರಿಕದ ಬುಕ್ ಕ್ಲಬ್ಬೊಂದು ಗೋಲ್ಡ್‌ಸ್ಟೈನ್ ಭಾಗವನ್ನೂ ಅನುಬಂಧವನ್ನೂ ತೆಗೆದರೆ ಕೊಳ್ತೀವಿ ಅಂದಾಗ ಆರ್ವೆಲ್ ಒಪ್ಪಲಿಲ್ಲ. ದೊಡ್ಡ ದುಡ್ಡು ಕೈಬಿಟ್ಟುಹೋಗೋ ಹಾಗಿದ್ದರೂ ಒಪ್ಪಲಿಲ್ಲ.

ಪುಸ್ತಕಹುಳು:
ಅನುಬಂಧ ಮುಖ್ಯ ಅನ್ನೋದು ಅದರಿಂದ ಗೊತ್ತಾಗುತ್ತೆ, ಪಕ್ಷ ಬಿತ್ತು ಅನ್ನೋದು ಗೊತ್ತಾಗಲ್ಲ. ಹೊಸ ಓದುಗರಿಗೆ: ಅಡಿಟಿಪ್ಪಣಿ ಕಂಡ ಕೂಡಲೇ ಅನುಬಂಧಕ್ಕೆ ಓಡಬೇಡಿ. 5ನೇ ಅಧ್ಯಾಯದಲ್ಲಿ ಸೈಮ್ ಕ್ಯಾಂಟೀನಿನಲ್ಲಿ ನ್ಯೂಸ್ಪೀಕ್ ನಿಘಂಟಿನ ಹನ್ನೊಂದನೇ ಆವೃತ್ತಿಯ ಬಗ್ಗೆ ಮಾತಾಡ್ತಾನೆ, ಅದಾದ ಮೇಲೆ ಓದಿದರೆ ಹಿಡಿತ ಸಿಗುತ್ತೆ.

ಲೆಕ್ಕಿಗ:
ಇನ್ನೊಂದು. ಕೊನೆಯ ಅಧ್ಯಾಯದಲ್ಲಿ ವಿನ್‌ಸ್ಟನ್ ಮೇಜಿನ ಧೂಳಿನಲ್ಲಿ ಬೆರಳಿಂದ 2+2=5 ಅಂತ ಬರೀತಾನೆ, ಪಕ್ಷ ಹೇಳಿದ್ದನ್ನೇ ನಂಬಿಬಿಟ್ಟ ಅನ್ನೋದರ ಗುರುತು. ಕೆಲವು ಹಳೇ ಮುದ್ರಣಗಳಲ್ಲಿ ಆ 5 ಬಿಟ್ಟುಹೋಗಿ ಬರೀ ‘2+2=’ ಅಂತಿದೆ. ಅದನ್ನ ನಂಬಿ ‘ಅವನು ಪೂರ್ತಿ ಸೋತಿಲ್ಲ’ ಅಂತ ವಾದ ಮಾಡೋರಿದ್ದಾರೆ. ನಿಮ್ಮ ಪ್ರತಿಯಲ್ಲಿ ಏನಿದೆ ನೋಡಿಕೊಂಡು ವಾದಕ್ಕಿಳಿಯಿರಿ.